ಯಾವ ಭಾಷೆಯಲ್ಲಿ ಹಾಡಲಿ?

ಮೊದಲು ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಇಚಿಲಂಪಾಡಿಯಲ್ಲಿ, ಅಂಗಳದಲ್ಲಿ ಆಡುತ್ತಿರುವ ಯಾವುದಾದರೂ ಮಗುವನ್ನು ಕರೆದು ‘ಒಂದು ಪದ್ಯ ಹೇಳು ಮಗಾ’ ಎಂದು ಕೇಳಿ ನೋಡಿ. ಬಾಯಿ ತೆರೆಯುವ ಮೊದಲು ಮಗು ಒಂದು ಗಳಿಗೆ ಯೋಚಿಸುತ್ತದೆ. ಯಾವ ಭಾಷೆಯ ಪದ್ಯ ಹೇಳುವುದು? ಮನೆಯೊಳಗೆ ತುಳು. ಆಚೆಯ ರಬ್ಬರ್ ತೋಟದವರದು ಮಲಯಾಳ. ಈಚೆ ಹವ್ಯಕರ ಕನ್ನಡ, ಪೇಟೆಯ ಅಂಗಡಿಯಲ್ಲಿ ಬ್ಯಾರಿ, ಇಗರ್ಜಿಯ ಬಾಗಿಲಲ್ಲಿ ಕೊಂಕಣಿ. 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿ ಬಂದು ಸುಳ್ಯ, ಕಡಬದ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದವರದು ತಮಿಳು. ಶಾಲೆಯಲ್ಲಿ ಕಲಿಯುವುದು ಕನ್ನಡ, ಟಿ.ವಿ.ಯಲ್ಲಿ ಕೇಳುವುದು ಹಿಂದಿ.

ಕಡೆಗೆ ಆ ಮಗು ಹಾಡುವುದು ಬಹುಮಟ್ಟಿಗೆ ಕನ್ನಡದ ಒಂದು ಸಿನಿಮಾ ಹಾಡನ್ನೇ. ಟಿ.ವಿ.ಯ ಸ್ಪರ್ಧೆಯಲ್ಲಿ ಮಕ್ಕಳು ಹಾಡಿ ಬಹುಮಾನ ಪಡೆಯುವುದು ಅದನ್ನೇ ತಾನೆ?

ಹಾಡಲು ನಿಂತವರು ಯಾವ ಭಾಷೆಯಲ್ಲಿ ಬಾಯಿ ತೆರೆಯಬೇಕು ಎಂಬ ಈ ಪ್ರಶ್ನೆಯನ್ನು ಏಳು ದಶಕಗಳಿಂದ ಜಗ್ಗಾಡುತ್ತಾ ಬಂದ ಸ್ಪರ್ಧೆಯೊಂದು ಜಗತ್ತಿನಲ್ಲಿದೆ. ಅದರ ಹೆಸರು ಯೂರೋವಿಷನ್ ಗೀತ ಸ್ಪರ್ಧೆ. ಪ್ರತಿ ವರ್ಷ ಹೆಚ್ಚಾಗಿ ಮೇ ತಿಂಗಳ ಒಂದು ಶನಿವಾರ ಅದರ ಅಂತಿಮ ಸುತ್ತು ನಡೆಯುತ್ತದೆ. ಯೂರೋಪಿನಲ್ಲಿ ರಾತ್ರಿ 9 ಗಂಟೆ ಎಂದರೆ ನಮಗೆ ಭಾನುವಾರ ನಸುಕಿನ 12.30. ನಮ್ಮಲ್ಲಿ ಯಕ್ಷಗಾನದ ಚೆಂಡೆ ಬಿರುಸಾಗುವ ಹೊತ್ತು ಅದು. ಹಾಗಾಗಿಯೋ ಏನೋ, ಇಷ್ಟು ದೊಡ್ಡ ಸ್ಪರ್ಧೆಯ ಬಗ್ಗೆ ನಮ್ಮ ಕಡೆ ಕೇಳಿ ಬಂದದ್ದು ಕಡಿಮೆ.

ನಿಯಮ ಸರಳ. ಪ್ರತಿ ದೇಶವೂ ಒಂದು ಹೊಸ ಹಾಡನ್ನು ಕಳಿಸಬೇಕು. ಹಾಡು 3 ನಿಮಿಷ ಮೀರಬಾರದು. ವೇದಿಕೆಯ ಮೇಲೆ ನಿಂತು ನೇರ ಪ್ರಸಾರದಲ್ಲೇ ಹಾಡಬೇಕು. ಬಳಿಕ ದೇಶಗಳು ಪರಸ್ಪರ ಅಂಕ ಕೊಡಬೇಕು, ತಮ್ಮ ಹಾಡಿಗೆ ತಾವು ಕೊಡುವಂತಿಲ್ಲ. ಗೆದ್ದ ದೇಶ ಮುಂದಿನ ವರ್ಷದ ಸ್ಪರ್ಧೆಗೆ ಆತಿಥ್ಯ ವಹಿಸುವುದು ವಾಡಿಕೆ. ನಮ್ಮ ಟಿ.ವಿ. ಸ್ಪರ್ಧೆಗಳಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಹಳೆಯ ಹಾಡನ್ನು ಹೊಸಬರು ಎಷ್ಟು ಚೆನ್ನಾಗಿ ಹಾಡುತ್ತಾರೆ ಎಂದು ನೋಡುತ್ತಾರೆ. ಅಲ್ಲಿ ಬಹುಮಾನ ಹಾಡಿಗೆ.

ತಂತಿ ಪರೀಕ್ಷೆಗೆ ಹುಟ್ಟಿದ್ದು

ಅಚ್ಚರಿ ಎನಿಸಬಹುದು, ಈ ಸ್ಪರ್ಧೆ ಹುಟ್ಟಿದ್ದರ ಹಿಂದೆ ಸಂಗೀತಕ್ಕಿಂತ ಎಂಜಿನಿಯರಿಂಗ್ ಹೆಚ್ಚು. ಎರಡನೇ ಮಹಾಯುದ್ಧ ಮುಗಿದು ಐದು ವರ್ಷಕ್ಕೆ, 1950ರಲ್ಲಿ, ಯೂರೋಪಿನ ಬಾನುಲಿ ಮತ್ತು ಟಿ.ವಿ. ಸಂಸ್ಥೆಗಳು ಸೇರಿ ‘ಯೂರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್’ ಎಂಬ ಒಕ್ಕೂಟ ಕಟ್ಟಿಕೊಂಡವು. ಒಂದು ದೇಶದ ಕ್ಯಾಮೆರಾ ಕಂಡದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದು ದೇಶದ ಮನೆಯಲ್ಲಿ ತೋರಿಸುವುದು ಆಗ ದೊಡ್ಡ ಸಾಹಸ. ಉಪಗ್ರಹ ಇನ್ನೂ ಬಂದಿರಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಗೋಪುರ ನಿಲ್ಲಿಸಿ, ಸೂಕ್ಷ್ಮ ತರಂಗಗಳ ಮೂಲಕ ಚಿತ್ರವನ್ನು ಕೈಯಿಂದ ಕೈಗೆ ದಾಟಿಸಿದಂತೆ ದಾಟಿಸಬೇಕಿತ್ತು. 1953ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳ ಪಟ್ಟಾಭಿಷೇಕವನ್ನು ಫ್ರಾನ್ಸ್, ಹಾಲೆಂಡ್, ಪಶ್ಚಿಮ ಜರ್ಮನಿಗಳಿಗೂ ಮುಟ್ಟಿಸಿದಾಗ ಇದು ಸಾಧ್ಯ ಎಂಬ ಧೈರ್ಯ ಬಂತು. ಮರುವರ್ಷ ‘ಯೂರೋವಿಷನ್’ ಎಂಬ ಜಾಲವೇ ಶುರುವಾಯಿತು.

ಜಾಲವೇನೋ ಬಂತು, ಅದರಲ್ಲಿ ತೋರಿಸುವುದೇನನ್ನು? ನಾಟಕ ತೋರಿಸಿದರೆ ಭಾಷೆ ತಿಳಿಯದು. ಹಾಡಾದರೆ ಅರ್ಥವಾಗದಿದ್ದರೂ ಕೇಳಬಹುದು. ಸ್ವಿಟ್ಜರ್ಲೆಂಡಿನ ಪ್ರಸಾರ ಅಧಿಕಾರಿ ಮಾರ್ಸೆಲ್ ಬೆಝಾನ್ಸಾಂ ಮುಂದಿಟ್ಟ ಸಲಹೆ ಇದು. ಇಟಲಿಯ ಸಾನ್ ರೆಮೊ ಪಟ್ಟಣದಲ್ಲಿ 1951ರಿಂದ ನಡೆಯುತ್ತಿದ್ದ ಗೀತೋತ್ಸವ ಅದಕ್ಕೆ ಮಾದರಿಯಾಯಿತು. 1955ರಲ್ಲಿ ಒಪ್ಪಿಗೆ ಸಿಕ್ಕಿತು. 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಮೊದಲ ಸ್ಪರ್ಧೆ ನಡೆಯಿತು. ಭಾರತದಲ್ಲಿ ಟಿ.ವಿ. ಶುರುವಾಗುವುದಕ್ಕೆ ಇನ್ನೂ ಮೂರು ವರ್ಷ ಬಾಕಿ ಇತ್ತು. ಆ ರಾತ್ರಿ ಯೂರೋಪಿನಲ್ಲೂ ಸ್ಪರ್ಧೆಯನ್ನು ಕಂಡವರಿಗಿಂತ ರೇಡಿಯೋದಲ್ಲಿ ಕೇಳಿದವರೇ ಹೆಚ್ಚು.

7 ದೇಶ, ತಲಾ 2 ಹಾಡು, ಒಟ್ಟು 14. ಪ್ರತಿ ದೇಶಕ್ಕೆ ಇಬ್ಬರು ತೀರ್ಪುಗಾರರು. ಪುಟ್ಟ ಲಕ್ಸೆಂಬರ್ಗಿನ ತೀರ್ಪುಗಾರರು ಬರಲಾಗದೆ ಅವರ ಪರವಾಗಿ ಸ್ವಿಟ್ಜರ್ಲೆಂಡಿನವರೇ ಅಂಕ ಹಾಕಿದರು. ಆಗ ಸ್ವಂತ ದೇಶದ ಹಾಡಿಗೂ ಅಂಕ ಕೊಡಬಹುದಿತ್ತು. ಗೆದ್ದದ್ದು ಸ್ವಿಟ್ಜರ್ಲೆಂಡ್! ಅಂಕಪಟ್ಟಿಯನ್ನು ಪ್ರಕಟಿಸಲೇ ಇಲ್ಲ. ನಮ್ಮೂರಿನ ಯುವಕ ಮಂಡಲದ ಸ್ಪರ್ಧೆಯಲ್ಲಿ ಹೀಗೆ ನಡೆದಿದ್ದರೆ ವೇದಿಕೆಯ ಹಿಂದೆ ಗಲಾಟೆಯೇ ಆಗುತ್ತಿತ್ತು. ಗೆದ್ದ ಗಾಯಕಿ ಲಿಸ್ ಅಸಿಯಾ ಫ್ರೆಂಚ್ ಭಾಷೆಯಲ್ಲಿ ಹಾಡಿದ್ದರು. 2018ರಲ್ಲಿ, ತಮ್ಮ 94ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಈ ಸ್ಪರ್ಧೆಯ ಅಜ್ಜಿಯಂತೆ ಇದ್ದರು. ಆ ಮೊದಲ ಸ್ಪರ್ಧೆಯ ಪೂರ್ಣ ಚಿತ್ರಮುದ್ರಿಕೆ ಇಂದು ಉಳಿದಿಲ್ಲ. ಗೆದ್ದ ಹಾಡನ್ನು ಲಿಸ್ ಮತ್ತೊಮ್ಮೆ ಹಾಡಿದ ದೃಶ್ಯವೊಂದು ಮಾತ್ರ ಉಳಿದಿದೆ.

3 ನಿಮಿಷದ ಕಟ್ಟುನಿಟ್ಟಿಗೂ ಒಂದು ಕಥೆ ಇದೆ. 1957ರಲ್ಲಿ ಇಟಲಿಯ ಗಾಯಕ ಐದು ನಿಮಿಷಕ್ಕೂ ಮೀರಿ ಹಾಡಿದರು. ಬ್ರಿಟನ್ನಿನ ಹಾಡು ಎರಡು ನಿಮಿಷವೂ ಇರಲಿಲ್ಲ. ಆಮೇಲೆ ಗಡಿಯಾರ ಬಿಗಿಯಾಯಿತು.

‘ಲಾ ಲಾ ಲಾ’ದ ಜಗಳ

ಮೊದಲ ಹತ್ತು ವರ್ಷ ಭಾಷೆಯ ಬಗ್ಗೆ ನಿಯಮವೇ ಇರಲಿಲ್ಲ. ತಂತಮ್ಮ ಭಾಷೆಯಲ್ಲೇ ಹಾಡುತ್ತಾರೆ, ಅದನ್ನು ಹೇಳಬೇಕೆ ಎಂದು ಎಲ್ಲರೂ ಅಂದುಕೊಂಡಿದ್ದರು. 1965ರಲ್ಲಿ ಸ್ವೀಡನ್ನಿನವರು ಇಂಗ್ಲಿಷಿನಲ್ಲಿ ಹಾಡಿಬಿಟ್ಟರು. ಮರುವರ್ಷವೇ ನಿಯಮ ಬಂತು: ಪ್ರತಿ ದೇಶವೂ ತನ್ನ ರಾಷ್ಟ್ರಭಾಷೆಗಳಲ್ಲೊಂದರಲ್ಲಿ ಹಾಡತಕ್ಕದ್ದು.

ಮೇಲ್ನೋಟಕ್ಕೆ ಇದು ಸಣ್ಣ ಭಾಷೆಗಳನ್ನು ಕಾಯುವ ನಿಯಮ. ಆದರೆ ‘ರಾಷ್ಟ್ರಭಾಷೆ’ ಯಾವುದು ಎಂದು ಹೇಳುವವರು ಯಾರು? ಅದರ ಪೆಟ್ಟು ಬಿದ್ದದ್ದು 1968ರಲ್ಲಿ, ಕ್ಯಾಟಲನ್ ಭಾಷೆಗೆ.

ಆ ವರ್ಷ ಸ್ಪೇನ್ ಆರಿಸಿದ್ದು ಜೊವಾನ್ ಮಾನುಯೆಲ್ ಸೆರ್ರಾತ್ ಎಂಬ ತರುಣ ಗಾಯಕನನ್ನು. ಬಾರ್ಸಿಲೋನಾದವರು, ಕ್ಯಾಟಲನ್ ಭಾಷೆಯಲ್ಲಿ ಹಾಡಿ ಹೆಸರಾದವರು. ಲಂಡನ್ನಿನಲ್ಲಿ ಹಾಡುವುದಾದರೆ ಕ್ಯಾಟಲನ್‌ನಲ್ಲೇ ಹಾಡುತ್ತೇನೆ ಎಂದರು. ಸರ್ವಾಧಿಕಾರಿ ಫ್ರಾಂಕೊನ ಕಾಲ ಅದು. ಕ್ಯಾಟಲನ್ ಭಾಷೆಯನ್ನು ಶಾಲೆಯಿಂದಲೂ ಕಚೇರಿಯಿಂದಲೂ ಹೊರಗಿಟ್ಟಿದ್ದ ಆಡಳಿತ ಒಪ್ಪಲಿಲ್ಲ. ಸೆರ್ರಾತ್ ಹಿಂದೆ ಸರಿದರು. ಮಸ್ಸಿಯೆಲ್ ಎಂಬ ಗಾಯಕಿಯನ್ನು ತರಾತುರಿಯಿಂದ ಕರೆತಂದರು. ಅದೇ ಹಾಡನ್ನು ಆಕೆ ಸ್ಪ್ಯಾನಿಷ್‌ನಲ್ಲಿ ಹಾಡಿದರು. ಗೆದ್ದೂ ಗೆದ್ದರು. ಕೇವಲ ಒಂದು ಅಂಕದ ಅಂತರ, 29ಕ್ಕೆ 28.

ಇದರಲ್ಲಿ ಎರಡು ತಮಾಷೆಗಳಿವೆ. ಒಂದು, ಹಾಡಿನ ಹೆಸರೇ ‘ಲಾ ಲಾ ಲಾ’. ಅದರ ತುಂಬ ಇರುವುದು ನೂರಕ್ಕೂ ಹೆಚ್ಚು ಸಲ ಬರುವ ‘ಲಾ’ ಎಂಬ ಅಕ್ಷರ. ಕ್ಯಾಟಲನ್‌ನಲ್ಲಿ ಹಾಡಿದ್ದರೂ ಬಹುಪಾಲು ಅದೇ ‘ಲಾ’ ಕೇಳಿಸುತ್ತಿತ್ತು! ಉಳಿದ ನಾಲ್ಕು ಸಾಲಿಗಾಗಿ ಒಬ್ಬ ಕಲಾವಿದ ಅವಕಾಶವನ್ನೇ ಬಿಟ್ಟುಕೊಟ್ಟರು, ಒಂದು ಸರಕಾರ ಹಠ ಹಿಡಿಯಿತು. ಇನ್ನೊಂದು, ಒಂದು ಅಂಕದಿಂದ ಸೋತವರು ಬ್ರಿಟನ್ನಿನ ಕ್ಲಿಫ್ ರಿಚರ್ಡ್. ಅವರು ಹುಟ್ಟಿದ್ದು 1940ರಲ್ಲಿ ನಮ್ಮ ಲಖನೌದಲ್ಲಿ. (ಮದರಾಸಿನಲ್ಲಿ ಹುಟ್ಟಿದ ಎಂಗೆಲ್ಬರ್ಟ್ ಹಂಪರ್‌ಡಿಂಕ್ ಕೂಡ ಬ್ರಿಟನ್ನಿನ ಪರ ಹಾಡಿದ್ದಾರೆ, 2012ರಲ್ಲಿ, 76ನೇ ವಯಸ್ಸಿನಲ್ಲಿ. 26 ಜನರಲ್ಲಿ 25ನೆಯವರಾದರು, ಪಾಪ.)

ನಿಯಮ ಬಂದ ಮೇಲೆ ಹಾಡು ಕಟ್ಟುವವರು ಉಪಾಯ ಹುಡುಕಿದರು. ಕೇಳುವವರಿಗೆ ನಮ್ಮ ಭಾಷೆ ತಿಳಿಯದು, ಆದ್ದರಿಂದ ಯಾವ ಭಾಷೆಗೂ ಸೇರದ ಸದ್ದುಗಳನ್ನೇ ಪಲ್ಲವಿ ಮಾಡಿದರೆ? ಗೆದ್ದ ಹಾಡುಗಳ ಹೆಸರನ್ನೇ ಓದಿ ನೋಡಿ: 1969ರಲ್ಲಿ ‘ಬೂಮ್ ಬ್ಯಾಂಗ್ ಅ ಬ್ಯಾಂಗ್’, 1975ರಲ್ಲಿ ‘ಡಿಂಗ್ ಅ ಡಾಂಗ್’, 1984ರಲ್ಲಿ ‘ಡಿಗ್ಗಿಲೂ ಡಿಗ್ಗಿಲೇ’. ಇವುಗಳಲ್ಲಿ ನನಗೆ ಬಲು ಇಷ್ಟವಾದದ್ದು 1978ರಲ್ಲಿ ಇಸ್ರೇಲಿಗೆ ಗೆಲುವು ತಂದ ‘ಅ ಬ ನಿ ಬಿ’. ಪ್ರತಿ ಅಕ್ಷರದ ಮುಂದೂ ಒಂದು ‘ಬ’ಕಾರ ಸೇರಿಸಿ ಅಲ್ಲಿನ ಮಕ್ಕಳು ಆಡುವ ಗುಟ್ಟಿನ ಮಾತಿನಿಂದ ಅದರ ಪಲ್ಲವಿ ಕಟ್ಟಿದ್ದಾರೆ. ದೊಡ್ಡವರಿಗೆ ತಿಳಿಯಬಾರದೆಂದು ನಾವು ಚಿಕ್ಕಂದಿನಲ್ಲಿ ‘ಪ’ಕಾರ ಸೇರಿಸಿ ಮಾತಾಡುತ್ತಿದ್ದೆವಲ್ಲ, ಅದರ ಸೋದರ.

1995ರಲ್ಲಿ ನಾರ್ವೆಯವರು ಇನ್ನೂ ಜಾಣತನ ತೋರಿದರು. ಹಾಡಿನಲ್ಲಿ ಇದ್ದದ್ದು ನಾರ್ವೇಜಿಯನ್ ಭಾಷೆಯ 24 ಪದ ಮಾತ್ರ, ಉಳಿದದ್ದೆಲ್ಲ ಪಿಟೀಲು. ಮೊದಲ ಬಹುಮಾನ ಅದಕ್ಕೇ.

ಪದಕ್ಕೆ ಅರ್ಥ ಇರಲೇಬೇಕೆಂದು ಹಟ ಹಿಡಿಯುವವರು ನಮ್ಮಲ್ಲಿ ಯಾರೂ ಇರಲಾರರು. ನೇಜಿ ನೆಡುವ ಹೆಂಗಸರ ಓಬೇಲೆ ಹಾಡು ಕೇಳಿದವರಿಗೆ ಗೊತ್ತು, ಒಬ್ಬಳು ಕಥೆಯ ಸಾಲು ಹೇಳಿದರೆ ಉಳಿದವರು ಸೊಲ್ಲು ಎತ್ತುತ್ತಾರೆ. ಆ ಸೊಲ್ಲಿಗೆ ನಿಘಂಟಿನ ಅರ್ಥ ಹುಡುಕುವ ಅಗತ್ಯ ಯಾರಿಗೂ ಬೀಳುವುದಿಲ್ಲ.

1973ರಲ್ಲಿ ನಿಯಮ ಸಡಿಲವಾಯಿತು. ಮರುವರ್ಷ ಬ್ರೈಟನ್ ನಗರದಲ್ಲಿ ಸ್ವೀಡನ್ನಿನ ಆಬಾ ತಂಡ ಇಂಗ್ಲಿಷಿನಲ್ಲಿ ‘ವಾಟರ್‌ಲೂ’ ಹಾಡಿ ಗೆದ್ದು, ಮುಂದೆ ಲೋಕವನ್ನೇ ಗೆದ್ದಿತು. 1977ರಲ್ಲಿ ನಿಯಮ ಮತ್ತೆ ಬಂತು, 1998ರವರೆಗೆ ಉಳಿಯಿತು. ಈ 22 ವರ್ಷಗಳ ಲೆಕ್ಕ ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. ಇಂಗ್ಲಿಷನ್ನು ಹತೋಟಿಯಲ್ಲಿಡಲು ಇದ್ದ ನಿಯಮದಡಿ 8 ಸಲ ಗೆದ್ದದ್ದು ಇಂಗ್ಲಿಷ್ ಹಾಡೇ! ಬ್ರಿಟನ್ನಿಗೂ ಐರ್ಲೆಂಡಿಗೂ ಇಂಗ್ಲಿಷೇ ಅಧಿಕೃತ ಭಾಷೆಯಾದ್ದರಿಂದ ಅವರಿಗೆ ಅಡ್ಡಿ ಇರಲಿಲ್ಲ. ಐರ್ಲೆಂಡ್ ಈವರೆಗೆ 7 ಸಲ ಗೆದ್ದಿದೆ, ಏಳೂ ಸಲ ಇಂಗ್ಲಿಷಿನಲ್ಲಿ. ತನ್ನ ಮೂಲಭಾಷೆ ಐರಿಷ್‌ನಲ್ಲಿ ಅದು ಹಾಡಿದ್ದು 1972ರಲ್ಲಿ ಒಂದೇ ಸಲ. ಆಗ 18ರಲ್ಲಿ 15ನೇ ಸ್ಥಾನ.

ಸೋತ ಹಾಡು, ಗೆದ್ದ ಕ್ರಾಂತಿ

1974ರ ಆ ಬ್ರೈಟನ್ ಸ್ಪರ್ಧೆಯ ಬಗ್ಗೆ ಬರೆಯುವವರೆಲ್ಲ ಆಬಾ ತಂಡದ ಕಥೆ ಹೇಳಿ ಮುಗಿಸುತ್ತಾರೆ. ಕರಾವಳಿಯ ಓದುಗರಿಗೆ ಹತ್ತಿರವಾಗಬೇಕಾದದ್ದು ಅದೇ ರಾತ್ರಿ ಕಟ್ಟಕಡೆಯ ಸ್ಥಾನಕ್ಕೆ ಬಿದ್ದ ಹಾಡು. ಪೋರ್ಚುಗಲ್ಲಿನ ಪಾವ್ಲೊ ದೆ ಕಾರ್ವಾಲ್ಯೊ ತಮ್ಮ ಭಾಷೆಯಲ್ಲಿ ವಿದಾಯದ ಒಂದು ಪ್ರೇಮಗೀತೆ ಹಾಡಿದರು. ಸಿಕ್ಕಿದ್ದು 3 ಅಂಕ. ಸ್ಪರ್ಧೆ ನಡೆದದ್ದು ಏಪ್ರಿಲ್ 6ರಂದು.

ಏಪ್ರಿಲ್ 24ರ ರಾತ್ರಿ 10.55ಕ್ಕೆ ಲಿಸ್ಬನ್ನಿನ ಬಾನುಲಿಯಲ್ಲಿ ಇದೇ ಹಾಡು ಬಂತು. ಮನೆಯಲ್ಲಿ ಕುಳಿತು ಕೇಳಿದವರಿಗೆ ಅದೊಂದು ಸೋತ ಸಿನಿಮಾದ ಹಾಡಿನಂತೆ ಕೇಳಿಸಿರಬೇಕು. ಬ್ಯಾರಕ್ಕುಗಳಲ್ಲಿ ಕಿವಿಗೊಟ್ಟು ಕಾದಿದ್ದ ಬಂಡುಕೋರ ಅಧಿಕಾರಿಗಳಿಗೆ ಅದು ಸನ್ನೆ: ಸಿದ್ಧರಾಗಿ. ಯಾರಿಗೂ ಸಂಶಯ ಬರಬಾರದು, ಬಾನುಲಿಯಲ್ಲಿ ಸಹಜವಾಗಿ ಬರುವಂಥದ್ದಾಗಿರಬೇಕು ಎಂದು ಈ ಹಾಡನ್ನು ಆರಿಸಿದ್ದರು. ನಡುರಾತ್ರಿಯ ನಂತರ ಎರಡನೇ ಸನ್ನೆಯಾಗಿ ಬೇರೊಂದು ಹಾಡು ಬಂತು. ಬೆಳಗಾದಾಗ ಸೈನಿಕರ ಕೋವಿಯ ನಳಿಗೆಗೆ ಜನ ಕಾರ್ನೇಷನ್ ಹೂ ಸಿಕ್ಕಿಸುತ್ತಿದ್ದರು. ನಾಲ್ಕು ದಶಕ ಮೀರಿದ್ದ ಸರ್ವಾಧಿಕಾರ ಒಂದೇ ದಿನದಲ್ಲಿ ಉರುಳಿತು.

ನಮಗೆ ಇದರಿಂದೇನು ಎನ್ನುವಿರಾ? 1961ರಲ್ಲಿ ಗೋವಾ ಬಿಡುಗಡೆಯಾದರೂ ಪೋರ್ಚುಗಲ್ಲಿನ ಆ ಆಡಳಿತ ಅದನ್ನು ಒಪ್ಪಿರಲೇ ಇಲ್ಲ. ಕ್ರಾಂತಿಯ ನಂತರ ಬಂದ ಸರಕಾರ 1974ರ ಡಿಸೆಂಬರ್ 31ರಂದು ಭಾರತದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು, ಗೋವಾ ಭಾರತದ್ದೆಂದು ಒಪ್ಪಿತು. ಯೂರೋವಿಷನ್ ಹಾಡಿನಿಂದ ಗೋವಾ ನಮಗೆ ಬಂತು ಎಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಆದರೆ ಒಂದೇ ಸರಪಳಿಯ ಕೊಂಡಿಗಳು ಇವು ಎಂಬುದಂತೂ ನಿಜ.

ಸೋತ ಹಾಡು ಮೆರೆದದ್ದು ಇದೊಂದೇ ಅಲ್ಲ. 1958ರಲ್ಲಿ ಇಟಲಿಯ ಡೊಮೆನಿಕೊ ಮೊಡುನ್ಯೊ ಹಾಡಿದ, ಜನ ‘ವೊಲಾರೆ’ ಎಂದು ಕರೆಯುವ ಹಾಡು ಮೂರನೇ ಸ್ಥಾನಕ್ಕೆ ಇಳಿಯಿತು. ಮರುವರ್ಷ ಅಮೆರಿಕದ ಮೊದಲ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ವರ್ಷದ ಹಾಡು ಎನಿಸಿಕೊಂಡಿತು. ಆ ವರ್ಷ ಗೆದ್ದ ಹಾಡು ಯಾವುದೆಂದು ಕೇಳಿದರೆ ಯೂರೋಪಿನವರೂ ತಲೆ ಕೆರೆದುಕೊಳ್ಳುತ್ತಾರೆ. 1994ರಲ್ಲಿ ಡಬ್ಲಿನ್ನಿನಲ್ಲಿ ಅಂಕ ಎಣಿಸುವ ಹೊತ್ತು ತುಂಬಲು ಇಟ್ಟುಕೊಂಡಿದ್ದ ಏಳು ನಿಮಿಷದ ನೃತ್ಯವೇ ಮುಂದೆ ಜಗತ್ತು ಸುತ್ತಿದ ‘ರಿವರ್‌ಡಾನ್ಸ್’.

ಬಾಗಿಲು ತೆರೆದ ಮೇಲೆ

1999ರಲ್ಲಿ ಭಾಷೆಯ ನಿಯಮವನ್ನು ಪೂರ್ತಿ ತೆಗೆದರು. ಯಾವ ಭಾಷೆಯಲ್ಲಿ ಬೇಕಾದರೂ ಹಾಡಿ ಎಂದರು. ಆಮೇಲೆ ನಡೆದದ್ದನ್ನು ಊಹಿಸಬಹುದು. 1999ರಿಂದ 2006ರವರೆಗೆ ಗೆದ್ದ ಎಂಟೂ ಹಾಡುಗಳಲ್ಲಿ ಇಂಗ್ಲಿಷ್ ಇತ್ತು. 2004ರ ಉಕ್ರೇನಿನ ಹಾಡಿನಲ್ಲಿ ಮಾತ್ರ ಅದರ ಜೊತೆ ಉಕ್ರೇನಿಯನ್ ಬೆರೆತಿತ್ತು. ಎಸ್ಟೋನಿಯಾ, ಲಾಟ್ವಿಯಾದಂತಹ, ಸೋವಿಯತ್ ಆಳ್ವಿಕೆಯಿಂದ ಬಿಡಿಸಿಕೊಂಡು ತಮ್ಮ ಭಾಷೆಗೆ ಮರ್ಯಾದೆ ದೊರಕಿಸಿಕೊಂಡ ದೇಶಗಳೂ ಗೆಲ್ಲಲು ಹಿಡಿದದ್ದು ಇಂಗ್ಲಿಷನ್ನೇ.

ಇದಕ್ಕೆ ಬೆಲ್ಜಿಯಂ ಕೊಟ್ಟ ಉತ್ತರ ಮಜವಾಗಿದೆ. ಅಲ್ಲಿ ಫ್ರೆಂಚ್ ಮತ್ತು ಡಚ್ ಮಾತಾಡುವವರ ನಡುವೆ ಭಾಷಾ ತಗಾದೆ ನಿತ್ಯದ್ದು. 2003ರಲ್ಲಿ ಅದು ಕಳಿಸಿದ ಹಾಡು ಎರಡೂ ಭಾಷೆಯಲ್ಲಿ ಇರಲಿಲ್ಲ. ಯಾರೂ ಆಡದ, ಹಾಡಿಗೆಂದೇ ಹುಟ್ಟಿಸಿದ ಭಾಷೆ! ಕೇವಲ 2 ಅಂಕದಿಂದ ಮೊದಲ ಸ್ಥಾನ ತಪ್ಪಿತು.

2007ರಲ್ಲಿ ಸೆರ್ಬಿಯಾದ ಮಾರಿಯಾ ಶೆರಿಫೋವಿಚ್, ಬೆಡಗಿನ ಉಡುಗೆಯಿಲ್ಲದೆ, ಕನ್ನಡಕ ಹಾಕಿಕೊಂಡು ನಿಂತು ಸೆರ್ಬಿಯನ್ ಭಾಷೆಯಲ್ಲಿ ಹಾಡಿ ಗೆದ್ದರು. 2016ರಲ್ಲಿ ಉಕ್ರೇನಿನ ಜಮಾಲಾ, ಸ್ಟಾಲಿನ್ 1944ರಲ್ಲಿ ಕ್ರಿಮಿಯಾದ ತಾತಾರರನ್ನು ಊರು ಬಿಡಿಸಿ ಓಡಿಸಿದ ಕಥೆಯನ್ನು ಹಾಡಿದರು. ಅದರ ಪಲ್ಲವಿ ಕ್ರಿಮಿಯನ್ ತಾತಾರ್ ಭಾಷೆಯದು. ಮರುವರ್ಷ, 1964ರಿಂದ ಹಾಡುತ್ತಲೇ ಬಂದು ಒಮ್ಮೆಯೂ ಗೆಲ್ಲದಿದ್ದ ಪೋರ್ಚುಗಲ್, ಸಾಲ್ವಾದೋರ್ ಸೊಬ್ರಾಲ್ ಎಂಬ ಬಡಕಲು ತರುಣನನ್ನು ಕಳಿಸಿತು. ಅಕ್ಕ ಬರೆದ ಹಾಡು, ಪೋರ್ಚುಗೀಸ್ ಭಾಷೆ. ಹಿಂದೆ ಬೆಂಕಿಯಿಲ್ಲ, ಹೊಗೆಯಿಲ್ಲ, ಕುಣಿತವಿಲ್ಲ. ಬಂದ ಅಂಕ 758. ಗೆದ್ದ ಮೇಲೆ ಅಕ್ಕನನ್ನೂ ವೇದಿಕೆಗೆ ಕರೆದು ಇಬ್ಬರೂ ಸೇರಿ ಹಾಡಿದರು. 2021ರಲ್ಲಿ ಇಟಾಲಿಯನ್, 2022ರಲ್ಲಿ ಉಕ್ರೇನಿಯನ್. 2025ರಲ್ಲಿ ಬಾಸೆಲ್ ನಗರದಲ್ಲಿ ಸ್ವೀಡನ್ನಿನ ಪರ ಹಾಡಿದ ತಂಡ ಫಿನ್ಲೆಂಡಿನ ಸ್ವೀಡಿಷ್ ಭಾಷಿಕರದು. ತಮ್ಮ ಹಳ್ಳಿಯ ಆಡುಮಾತಿನಲ್ಲಿ ಉಗಿಸ್ನಾನದ ಬಗ್ಗೆ ಹಾಡಿ ನಾಲ್ಕನೆಯವರಾದರು. ಯಾರಾದರೂ ಎಣ್ಣೆ ಹಚ್ಚಿಕೊಂಡು ಹಂಡೆ ನೀರು ಮೀಯುವುದರ ಬಗ್ಗೆ ಸುಳ್ಯದ ಅರೆಭಾಷೆಯಲ್ಲಿ ಹಾಡಿದಂತೆ ಅನ್ನಿ.

ಇದನ್ನೇ ಹಿಡಿದು ಸಣ್ಣ ಭಾಷೆಗಳ ಕಾಲ ಬಂತು ಎಂದು ಹಿಗ್ಗುವ ಹಾಗಿಲ್ಲ. ಗೆದ್ದವುಗಳಲ್ಲಿ ತಾತಾರ್ ಬಿಟ್ಟರೆ ಉಳಿದವೆಲ್ಲ ಬೆನ್ನಿಗೆ ಒಂದು ಸರಕಾರ, ಒಂದು ಟಿ.ವಿ. ಸಂಸ್ಥೆ ಇರುವ ಭಾಷೆಗಳೇ. ಫ್ರಾನ್ಸಿನ ಬ್ರೆಟನ್ ಭಾಷೆ 1996ರಲ್ಲೂ 2022ರಲ್ಲೂ ವೇದಿಕೆ ಏರಿತು, ಎರಡು ಸಲವೂ ಪಟ್ಟಿಯ ತಳದಲ್ಲೇ ಉಳಿಯಿತು. 1980ರಲ್ಲಿ ನಾರ್ವೆ, ತನ್ನ ಉತ್ತರದ ಸಾಮಿ ಬುಡಕಟ್ಟಿನ ಗಾಯಕನೊಬ್ಬನನ್ನು ಕಳಿಸಿತು. ಅಲ್ಟಾ ನದಿಗೆ ಅಣೆಕಟ್ಟು ಕಟ್ಟಬೇಡಿ ಎಂದು ಸಾಮಿ ಜನ ಸಂಸತ್ತಿನ ಎದುರು ಉಪವಾಸ ಕುಳಿತಿದ್ದ ಕಾಲ ಅದು. ಹಾಡಿನ ಕೊನೆಯಲ್ಲಿ ವಾದ್ಯಗಳೆಲ್ಲ ನಿಂತು, ಆ ಮನುಷ್ಯ ತನ್ನ ಹಿರಿಯರ ಯೋಯಿಕ್ ಶೈಲಿಯಲ್ಲಿ ಒಬ್ಬನೇ ಹಾಡಿದ. ಹಾಡಿಗೆ 16ನೇ ಸ್ಥಾನ. ಅಣೆಕಟ್ಟನ್ನೂ ಕಟ್ಟಿದರು. ಗುಂಡ್ಯ ಜಲವಿದ್ಯುತ್ ಯೋಜನೆಯ ವಿರುದ್ಧ ಎದ್ದ ಕೂಗನ್ನು ಕೇಳಿದ ನಮಗೆ ಈ ಕಥೆ ಅಪರಿಚಿತವಲ್ಲ.

ಅಂಕದ ರಾಜಕೀಯ

ಅಂಕ ಕೊಡುವ ಈಗಿನ ಕ್ರಮ ಬಂದದ್ದು 1975ರಲ್ಲಿ. ಮೆಚ್ಚಿದ ಹತ್ತು ಹಾಡುಗಳಿಗೆ 1ರಿಂದ 8, ಆಮೇಲೆ 10, ಅತ್ಯುತ್ತಮಕ್ಕೆ 12. ಅದಕ್ಕೆ ಮುನ್ನ 1969ರಲ್ಲಿ ನಾಲ್ಕು ದೇಶಗಳು ತಲಾ 18 ಅಂಕ ಪಡೆದು, ಸಮಬಲ ಬಿಡಿಸುವ ನಿಯಮವೇ ಇಲ್ಲದೆ ನಾಲ್ಕನ್ನೂ ವಿಜಯಿಗಳೆಂದು ಸಾರಿದ್ದರು. ಸಿಟ್ಟಾದ ಹಲವು ದೇಶಗಳು ಮರುವರ್ಷ ಬರಲೇ ಇಲ್ಲ. 1997ರಲ್ಲಿ ಐದು ದೇಶಗಳಲ್ಲಿ ಜನರ ಫೋನ್ ಮತ ಪರೀಕ್ಷಾರ್ಥವಾಗಿ ಬಂತು. ಜನರ ಕೈಗೆ ಮತ ಬಂದದ್ದೇ ತಡ, ನೆರೆಯವರು ನೆರೆಯವರಿಗೆ ಹಾಕತೊಡಗಿದರು. ಗ್ರೀಸ್ ಮತ್ತು ಸೈಪ್ರಸ್ ಪರಸ್ಪರ 12 ಅಂಕ ಕೊಡುವುದಂತೂ ಮದುವೆ ಮನೆಯ ಉಡುಗೊರೆಯಷ್ಟೇ ಖಾತ್ರಿ. 2009ರಿಂದ ಅಂತಿಮ ಸುತ್ತಿನಲ್ಲಿ ತಜ್ಞರದು ಅರ್ಧ, ಜನರದು ಅರ್ಧ ಎಂದಾಯಿತು.

ನಮ್ಮಲ್ಲೂ ಇದನ್ನು ಕಂಡಿದ್ದೇವೆ. 2007ರ ‘ಇಂಡಿಯನ್ ಐಡಲ್’ನಲ್ಲಿ ಡಾರ್ಜಿಲಿಂಗಿನ ಪೊಲೀಸ್ ಪೇದೆ ಪ್ರಶಾಂತ್ ತಮಾಂಗ್ ಗೆಲ್ಲಲೆಂದು ಗುಡ್ಡಗಾಡಿನ ನೇಪಾಳಿ ಭಾಷಿಕರು ಚಂದಾ ಎತ್ತಿ ಎಸ್ಸೆಮ್ಮೆಸ್ ಕಳಿಸಿದರು. ಅವರು ಗೆದ್ದರು. ಆ ಹುರುಪು ಆರುವ ಮೊದಲೇ, ಅಕ್ಟೋಬರಿನಲ್ಲಿ, ಗೂರ್ಖಾಲ್ಯಾಂಡ್ ಬೇಡಿಕೆಯ ಹೊಸ ಪಕ್ಷ ಹುಟ್ಟಿತು.

ರಾಜಕೀಯ ಬೇಡ ಎಂದು ಒಕ್ಕೂಟ ಎಷ್ಟೇ ಹೇಳಿದರೂ ರಾಜಕೀಯ ಬಿಟ್ಟಿಲ್ಲ. 1978ರಲ್ಲಿ ಇಸ್ರೇಲ್ ಗೆಲ್ಲುವುದು ಖಚಿತವಾದಾಗ ಜೋರ್ಡಾನಿನ ಟಿ.ವಿ. ಪ್ರಸಾರ ನಿಲ್ಲಿಸಿ ಹೂವಿನ ಚಿತ್ರ ತೋರಿಸಿತು, ಗೆದ್ದದ್ದು ಬೆಲ್ಜಿಯಂ ಎಂದು ವರದಿ ಮಾಡಿತು. 2022ರಲ್ಲಿ ಯುದ್ಧದ ಕಾರಣ ರಷ್ಯಾವನ್ನು ಹೊರಗಿಟ್ಟರು. ಗಾಝಾ ಯುದ್ಧದ ನಂತರ ಇಸ್ರೇಲ್ ಇರಬೇಕೇ ಬೇಡವೇ ಎಂಬ ವಾದ ಬೆಳೆದು, 2025ರ ಡಿಸೆಂಬರಿನಲ್ಲಿ ಇರಲಿ ಎಂದು ತೀರ್ಮಾನವಾದಾಗ ಸ್ಪೇನ್, ಐರ್ಲೆಂಡ್ ಸೇರಿ ಐದು ದೇಶಗಳು 2026ರ ವಿಯೆನ್ನಾ ಸ್ಪರ್ಧೆಯಿಂದ ಹಿಂದೆ ಸರಿದವು.

ಅಂದ ಹಾಗೆ, 2023ರಿಂದ ಸ್ಪರ್ಧೆಯಲ್ಲಿಲ್ಲದ ದೇಶಗಳವರೂ ದುಡ್ಡು ಕೊಟ್ಟು ಅಂತರಜಾಲದಲ್ಲಿ ಮತ ಹಾಕಬಹುದು. ಅವರೆಲ್ಲರ ಮತ ಸೇರಿ ಒಂದು ದೇಶದ ಮತವಿದ್ದಂತೆ.

ಇತ್ತ ನಮ್ಮ ವೇದಿಕೆ

ಕನ್ನಡದಲ್ಲಿ ಟಿ.ವಿ. ಗಾಯನ ಸ್ಪರ್ಧೆಗೆ ಒಂದು ಘನತೆ ತಂದುಕೊಟ್ಟದ್ದು ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’. ಅದನ್ನು ನಡೆಸಿಕೊಟ್ಟ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮಕ್ಕಳ ಕನ್ನಡ ಉಚ್ಚಾರವನ್ನು ತಿದ್ದುತ್ತಿದ್ದದ್ದು ಅನೇಕರಿಗೆ ನೆನಪಿರಬಹುದು. ಅಲ್ಪಪ್ರಾಣ, ಮಹಾಪ್ರಾಣಗಳಲ್ಲಿ ರಾಜಿ ಇರಲಿಲ್ಲ. ಅವರ ಮನೆಮಾತು ತೆಲುಗು! ಕಲಿತ ಭಾಷೆಯಲ್ಲೂ ಎದೆ ತುಂಬಿ ಹಾಡಬಹುದು ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮನೆಮಾತಿನಲ್ಲಿ ಹಾಡಿದರಷ್ಟೇ ಹಾಡು ಎಂದು ವಾದಿಸುವವರು ಇದಕ್ಕೂ ಉತ್ತರ ಹೇಳಬೇಕಾಗುತ್ತದೆ.

ನಮ್ಮ ಜಿಲ್ಲೆಯ ಮೂಡುಬಿದಿರೆ ಬಳಿಯ ಅಲಂಗಾರಿನ ನಿಹಾಲ್ ತಾವ್ರೊ ಝೀ ಕನ್ನಡದ ‘ಸರಿಗಮಪ’ದಲ್ಲಿ ಕನ್ನಡ ಹಾಡಿ ಹೆಸರು ಮಾಡಿದರು. ಆಮೇಲೆ ಹಿಂದಿ ಹಾಡಿ 2021ರ ‘ಇಂಡಿಯನ್ ಐಡಲ್’ನ ಅಂತಿಮ ಆರರಲ್ಲಿ ಒಬ್ಬರಾದರು. ಮಂಗಳೂರಿಗರು ಹೆಮ್ಮೆ ಪಟ್ಟರು, ಪಡಬೇಕಾದದ್ದೇ. ಸ್ಪರ್ಧೆ ದೊಡ್ಡದಾದಂತೆ ಗಾಯಕ ಮನೆಮಾತಿನಿಂದ ಒಂದೊಂದು ಮೆಟ್ಟಿಲು ದೂರ ಹೋಗಬೇಕು ಎಂಬುದೂ ಅಷ್ಟೇ ನಿಜ. ಹಾವೇರಿ ಜಿಲ್ಲೆಯ ಕುರಿ ಕಾಯುವ ಹುಡುಗ ಹನುಮಂತ ಲಮಾಣಿ ತಮ್ಮೂರಿನ ಜನಪದ ಹಾಡು ಹೇಳುತ್ತಲೇ ‘ಸರಿಗಮಪ’ದಲ್ಲಿ ಎರಡನೇ ಸ್ಥಾನಕ್ಕೆ ಬಂದದ್ದು ಈ ದಾರಿಗೆ ಅಪವಾದ. ಆದರೂ ಅದು ಕನ್ನಡವೇ. ತುಳು, ಬ್ಯಾರಿ, ಅರೆಭಾಷೆಗಳಿಗೆ ಅಷ್ಟು ದೊಡ್ಡ ವೇದಿಕೆ ಇಲ್ಲ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು, ತುಳು ಬಾಗಿಲಲ್ಲೇ ಕಾಯುತ್ತಿದೆ.

ಸ್ಪರ್ಧೆಯೇ ಇಲ್ಲದೆ ಹಾಡಿದವರೂ ಇದ್ದಾರೆ. ಮಂಗಳೂರಿನ ಮಾಂಡ್ ಸೊಭಾಣ್ ಸಂಸ್ಥೆ 2008ರ ಜನವರಿ 26 ಮತ್ತು 27ರಂದು ಸತತ 40 ಗಂಟೆ ಕೊಂಕಣಿಯಲ್ಲೇ ಹಾಡಿಸಿ ಗಿನ್ನೆಸ್ ದಾಖಲೆ ಪುಸ್ತಕ ಸೇರಿತು.

ಕಡೆಯಲ್ಲಿ ಒಂದು ಸ್ವಂತ ವಿಷಯ. ಹೈಸ್ಕೂಲಿನಲ್ಲಿದ್ದಾಗ ಒಂದು ಗಾಯನ ಸ್ಪರ್ಧೆಯಲ್ಲಿ ನಾನು ಅಜ್ಜಿಯಿಂದ ಕಲಿತ ಒಂದು ತುಳು ಪದ ಹಾಡಿದ್ದೆ. ‘ಸ್ವರ ಒಳ್ಳೆಯದುಂಟು, ಆದರೆ ಭಾಷೆ ನಿಯಮದಲ್ಲಿ ಇಲ್ಲ’ ಎಂದು ತೀರ್ಪುಗಾರರು ಹೆಸರು ತೆಗೆದರು. ಅವರೂ ತುಳುವರೇ. ಹೊರಗೆ ಬಂದ ಮೇಲೆ ಬೆನ್ನು ತಟ್ಟಿ, ಆ ಪದದ ಮುಂದಿನ ಸಾಲು ಏನೆಂದು ತುಳುವಿನಲ್ಲೇ ಕೇಳಿದ್ದರು. ಮನೆಗೆ ಬಂದು ಹೇಳಿದಾಗ ಅಜ್ಜಿ ನಕ್ಕರು, ಏನೂ ಹೇಳಲಿಲ್ಲ.

ಈ ಲೇಖನಕ್ಕೆಂದು ಹಳೆಯ ಯೂರೋವಿಷನ್ ಹಾಡುಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ಕೇಳುತ್ತಿದ್ದಾಗ ಅಜ್ಜಿ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ಆಬಾ ಬಂತು, ಹೋಯಿತು. ಅಜ್ಜಿ ತಲೆ ಎತ್ತಲಿಲ್ಲ. ಸೊಬ್ರಾಲ್ ಹಾಡತೊಡಗಿದಾಗ ಮೆಟ್ಟುಕತ್ತಿಯ ಮೇಲೆ ಕೈ ನಿಂತಿತು. ‘ಉಂದು ಓವು ಬಾಸೆ?’ ಎಂದು ಕೇಳಿದರು. ಯಾವ ಭಾಷೆ ಇದು? ಪೋರ್ಚುಗೀಸರದು ಎಂದೆ.

‘ಅಬ್ಬಕ್ಕನೊಟ್ಟುಗು ಲಡಾಯಿ ಮಲ್ತಿನಕುಲಾ?’

ಉಳ್ಳಾಲದ ರಾಣಿಯ ಜೊತೆ ಯುದ್ಧ ಮಾಡಿದವರೇ ಎಂದು. ಹೌದು ಅಜ್ಜಿ, ಅವರೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಂಡ ಪದ ಪೊರ್ಲುಂಡು, ಕುಡ ಒರ ಪಾಡ್‌ಲ’ ಎಂದರು. ಆದರೂ ಹಾಡು ಚೆನ್ನಾಗಿದೆ, ಇನ್ನೊಮ್ಮೆ ಹಾಕು.